ಹಿಪ್‌ಸ್ಟರ್ ಖಾತೆ: ಜಮಾ ಎಷ್ಟು, ಖರ್ಚು ಎಷ್ಟು?

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ಪಾತ್ರೆ ತೊಳೀತಾ ಫೋನನ್ನ ಕಿಟಕಿ ಮೇಲೆ ಇಟ್ಟಿರೋರಿಗೆ, ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ನಿದ್ದೆ ತಡ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಮಾತು ಹಿಪ್‌ಸ್ಟರ್‌ಗಳ ಬಗ್ಗೆ. ಶುರುವಿಗೆ ಒಂದು ನಿಜವಾಗಿ ನಡೆದ ಕಥೆ.

2019ರ ಫೆಬ್ರವರಿ. ಅಮೆರಿಕದ 'ಎಂಐಟಿ ಟೆಕ್ನಾಲಜಿ ರಿವ್ಯೂ' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬ್ರಾಂಡೈಸ್ ವಿಶ್ವವಿದ್ಯಾಲಯದ ಗಣಿತಜ್ಞ ಜೊನಾಥನ್ ಟೂಬೂಲ್ ಮಾಡಿದ ಒಂದು ಲೆಕ್ಕದ ಬಗ್ಗೆ ಆ ಲೇಖನ. ಎಲ್ಲರಿಗಿಂತ ಬೇರೆ ಥರ ಕಾಣಬೇಕು ಅಂತ ಹೊರಟವರೆಲ್ಲ ಕೊನೆಗೆ ಒಂದೇ ಥರ ಕಾಣೋದು ಯಾಕೆ ಅನ್ನೋದು ಪ್ರಶ್ನೆ. ಜೊತೆಗೊಂದು ಫೋಟೊ ಹಾಕಿದ್ರು. ಗಡ್ಡ, ಉಣ್ಣೆ ಟೋಪಿ, ಚೌಕಳಿ ಅಂಗಿ. ಒಬ್ಬ ವ್ಯಕ್ತಿ ಅದನ್ನ ನೋಡಿ ಪತ್ರಿಕೆಗೆ ಸಿಟ್ಟಿನಿಂದ ಬರೆದ: ನನ್ನ ಫೋಟೊ ಕೇಳದೇ ಹಾಕಿದ್ದೀರಿ, ಕೋರ್ಟಿಗೆ ಹೋಗ್ತೀನಿ ಅಂತ. ಸಂಪಾದಕರು ಗಾಬರಿಯಾಗಿ, ಫೋಟೊ ಮಾರಿದ್ದ ಗೆಟ್ಟಿ ಇಮೇಜಸ್ ಸಂಸ್ಥೆ ಹತ್ತಿರ ವಿಚಾರಿಸಿದ್ರು. ಗೊತ್ತಾಗಿದ್ದೇನು? ಫೋಟೊದಲ್ಲಿರೋದು ಅವನಲ್ಲ. ಬೇರೆ ಯಾರೋ ಮಾಡೆಲ್. ಪಾಪ, ಆ ಮನುಷ್ಯನಿಗೇ ತನ್ನ ಮುಖ ಯಾವುದು ಅಂತ ಗುರುತು ಸಿಕ್ಕಿರಲಿಲ್ಲ.

ಟೂಬೂಲ್ ಲೆಕ್ಕವನ್ನ ಸರಳ ಮಾಡಿ ಹೇಳೋದಾದ್ರೆ ಹೀಗೆ. ಹೆಚ್ಚಿನ ಜನ ಏನು ಮಾಡ್ತಿದ್ದಾರೋ ಅದರ ಉಲ್ಟಾ ಮಾಡ್ಬೇಕು ಅನ್ನೋ ಒಂದು ಗುಂಪು ಇದೆ ಅಂತ ಇಟ್ಕೊಳ್ಳಿ. ಆದರೆ ಜನ ಏನು ಮಾಡ್ತಿದ್ದಾರೆ ಅನ್ನೋದು ಆ ಗುಂಪಿಗೆ ತಕ್ಷಣ ಗೊತ್ತಾಗಲ್ಲ, ಸ್ವಲ್ಪ ತಡವಾಗಿ ಗೊತ್ತಾಗುತ್ತೆ. 'ಓಹೋ, ಎಲ್ಲರೂ ಗಡ್ಡ ಬೋಳಿಸ್ತಾರೆ' ಅಂತ ಗೊತ್ತಾದಾಗ, ಗುಂಪಿನವರೆಲ್ಲ ತಮ್ಮ ತಮ್ಮ ಮನೇಲಿ ಕೂತು, ಯಾರನ್ನೂ ಕೇಳದೆ, ಗಡ್ಡ ಬಿಡೋಕೆ ಶುರು ಮಾಡ್ತಾರೆ. ತಿಂಗಳಾದ ಮೇಲೆ ಆಚೆ ಬಂದು ನೋಡಿದ್ರೆ ಎಲ್ಲರ ಮುಖದಲ್ಲೂ ಗಡ್ಡ.

ನಗು ಬರುತ್ತೆ, ಅಲ್ವಾ? ಹಿಪ್‌ಸ್ಟರ್‌ಗಳನ್ನ ನೋಡಿ ನಗೋದು ತುಂಬ ಸುಲಭ. ಆದ್ರೆ ನಾನು ಓದಿದ್ದು ಬಿಕಾಂ. ಅಲ್ಲಿ ಮೊದಲ ತಿಂಗಳೇ ಹೇಳಿಕೊಡೋದು, ಯಾವುದೇ ಖಾತೆಗೆ ಎರಡು ಕಡೆ ಇರುತ್ತೆ ಅಂತ. ಹಾಗಾಗಿ ಇವತ್ತು ಹಿಪ್‌ಸ್ಟರ್ ಸಂಸ್ಕೃತಿಯ ಜಮಾ, ಖರ್ಚು ಎರಡೂ ಬರೆಯೋಣ. ಕೊನೆಗೆ ಬಾಕಿ ಏನು ಉಳಿಯುತ್ತೋ ನೋಡೋಣ.

ಯಾರು ಈ ಹಿಪ್‌ಸ್ಟರ್?

'ಹಿಪ್' ಅನ್ನೋ ಮಾತು ಬಳಕೆಗೆ ಬಂದಿದ್ದು ಅಮೆರಿಕದ ಜಾಝ್ ಸಂಗೀತದ ಲೋಕದಲ್ಲಿ. ಹಿಪ್ ಅಂದ್ರೆ ಒಳಗಿನ ವಿಷಯ ಗೊತ್ತಿರೋನು. 1940ರ ದಶಕದಲ್ಲಿ ಕಪ್ಪು ಸಂಗೀತಗಾರರ ಮಾತು, ಉಡುಪು, ಧಾಟಿಯನ್ನ ಮೆಚ್ಚಿ ಹಿಂದೆ ಬಿದ್ದ ಬಿಳಿಯ ಹುಡುಗರಿಗೆ ಹಿಪ್‌ಸ್ಟರ್ ಅನ್ನೋ ಹೆಸರು ಅಂಟ್ಕೊಳ್ತು. 1957ರಲ್ಲಿ ಲೇಖಕ ನಾರ್ಮನ್ ಮೇಲರ್ ಅವರ ಬಗ್ಗೆ ಒಂದು ಉದ್ದದ ಪ್ರಬಂಧವನ್ನೇ ಬರೆದ. ಅಂದ್ರೆ ಹುಟ್ಟಿದಾಗಿನಿಂದಲೇ ಇದರಲ್ಲಿ ಒಂದು ಕಡ ತರೋ ಗುಣ ಇದೆ. ಬದುಕು ಒಬ್ಬರದು, ಸ್ಟೈಲ್ ಇನ್ನೊಬ್ಬರದು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಈ ಪದ ಮೂಲೆಗೆ ಬಿತ್ತು. ಮತ್ತೆ ಎದ್ದು ಬಂದಿದ್ದು 1990ರ ದಶಕದ ಕೊನೆಗೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರೋ ವಿಲಿಯಮ್ಸ್‌ಬರ್ಗ್ ಅನ್ನೋ ಕಡೆ. ಫ್ಯಾಕ್ಟರಿಗಳು, ಗೋದಾಮುಗಳು ಖಾಲಿ ಬಿದ್ದಿದ್ದ ಜಾಗ. ಬಾಡಿಗೆ ಕಡಿಮೆ ಅಂತ ಚಿತ್ರ ಬರೆಯೋರು, ಬ್ಯಾಂಡ್ ಕಟ್ಟೋರು ಅಲ್ಲಿಗೆ ಹೋದ್ರು. ಹಳೇ ಅಂಗಡಿಯ ಬಟ್ಟೆ, ಗೇರ್ ಇಲ್ಲದ ಸೈಕಲ್, ಎಲ್‌ಪಿ ರೆಕಾರ್ಡು, ರೀಲ್ ಕ್ಯಾಮೆರಾ, ಕೈಯಲ್ಲಿ ಮಾಡಿದ ಚಾಕೊಲೇಟು. 'ನೀನು ಹಿಪ್‌ಸ್ಟರಾ?' ಅಂತ ಕೇಳಿದ್ರೆ ಮಾತ್ರ ಒಬ್ಬನೂ ಹೌದು ಅನ್ನಲ್ಲ. ಇವತ್ತಿಗೂ ಅನ್ನಲ್ಲ.

ಇದರಲ್ಲಿ ಹೊಸದೇನು? 1899ರಲ್ಲೇ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ ಒಂದು ಮಾತು ಹೇಳಿದ್ದ: ಜನ ವಸ್ತುಗಳನ್ನ ಬಳಸೋಕೆ ಮಾತ್ರ ಕೊಳ್ಳಲ್ಲ, ತೋರಿಸೋಕೂ ಕೊಳ್ತಾರೆ ಅಂತ. ಮದುವೆ ಮನೇಲಿ ಕತ್ತಿನ ತುಂಬ ಚಿನ್ನ ಹಾಕ್ಕೊಳ್ಳೋದು, ಲೋನ್ ಮಾಡಿ ದೊಡ್ಡ ಕಾರು ತರೋದು, ಎಲ್ಲ ಅದೇ. ಹಿಪ್‌ಸ್ಟರ್ ಅದನ್ನ ತಿರುಗಿಸಿದ. ಅವನು ತೋರಿಸೋದು ಬೆಲೆಯನ್ನಲ್ಲ, ತಿಳಿವಳಿಕೆಯನ್ನ. 'ಇದು ಎಷ್ಟು ದುಬಾರಿ ಗೊತ್ತಾ?' ಅನ್ನೋದರ ಬದಲು 'ಇದು ಎಲ್ಲಿಂದ ಬಂತು ಗೊತ್ತಾ?' ಅಂತಾನೆ. 'ಈ ಬ್ಯಾಂಡ್ ಫೇಮಸ್ ಆಗೋಕೆ ಮುಂಚೆನೇ ನಾನು ಕೇಳ್ತಿದ್ದೆ' ಅನ್ನೋದು ಅವನ ಚಿನ್ನದ ಸರ.

ಬೆಂಗಳೂರಲ್ಲಿ ಇದನ್ನ ನೋಡೋಕೆ ದೂರ ಹೋಗ್ಬೇಕಿಲ್ಲ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಹಳೇ ಮನೆ. ಕೆಂಪು ಗಾರೆ ನೆಲ ಹಾಗೇ ಇದೆ. ಕಿಟಕಿಗೆ ಹಳೇ ಕಾಲದ ಕಂಬಿ. ಮೇಲೆ ಹಳದಿ ಬಲ್ಬು ನೇತಾಡ್ತಿದೆ. ಮೆನುವಿನಲ್ಲಿ ಎಸ್ಟೇಟ್ ಹೆಸರಿನ ಕಾಫಿ, ರಾಗಿ ಕುಕ್ಕಿ, ಹುಳಿ ಹಿಟ್ಟಿನ ಬ್ರೆಡ್ಡು. ಪಕ್ಕದ ಟೇಬಲ್ಲಲ್ಲಿ ಕೈಮಗ್ಗದ ಅಂಗಿ ಹಾಕಿರೋ ಒಬ್ಬರು ಲ್ಯಾಪ್‌ಟಾಪ್ ತೆಗೆದಿದ್ದಾರೆ. ಅದು ನೀವೂ ಆಗಿರಬಹುದು. ಒಂದು ಸ್ವತಂತ್ರ ಕನ್ನಡ ಪಾಡ್‌ಕಾಸ್ಟ್ ಮಾಡೋ ನಾನಂತೂ ಈ ಲೋಕದ ಹೊರಗೆ ನಿಂತು ಮಾತಾಡೋ ಹಾಗೇ ಇಲ್ಲ.

ಮೊದಲು ಜಮಾ

ಜಮಾ ಕಡೆ ಮೊದಲನೇ ಸಾಲು: ಬಿಸಾಕಿದ್ದನ್ನ ಎತ್ತಿಕೊಂಡಿದ್ದು.

ಗ್ರಾಹಕ ಸಮಾಜ ಅನ್ನೋದು ನಡೆಯೋದೇ ನಾವು ಹಳೇದನ್ನ ಬಿಟ್ಟು ಹೊಸದನ್ನ ಕೊಂಡಾಗ. ಹಿಪ್‌ಸ್ಟರ್ ಅಲ್ಲೊಂದು ಬ್ರೇಕ್ ಹಾಕಿದ. ಎಲ್‌ಪಿ ರೆಕಾರ್ಡಿನ ಕಥೆ ನೋಡಿ. ಸಿಡಿ ಬಂದಾಗ ಅದು ಸತ್ತೇ ಹೋಯ್ತು ಅಂದ್ಕೊಂಡಿದ್ರು. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ಎಲ್‌ಪಿ ಮಾರಾಟ ಆದ್ವು, ಸಿಡಿ 3.3 ಕೋಟಿ. 1987ರ ನಂತರ ಎಲ್‌ಪಿ ಸಿಡಿಯನ್ನ ಹಿಂದೆ ಹಾಕಿದ್ದು ಅದೇ ಮೊದಲು. ಫೋನಲ್ಲಿ ಎಲ್ಲ ಹಾಡೂ ಬೆರಳ ತುದಿಯಲ್ಲಿ ಸಿಗೋ ಕಾಲದಲ್ಲಿ, ಒಂದು ಆಲ್ಬಮ್ಮನ್ನ ಮೊದಲಿಂದ ಕೊನೇ ತನಕ ಕೂತು ಕೇಳೋ ಅಭ್ಯಾಸ ಉಳೀತು. ಅದು ಸಣ್ಣ ವಿಷಯ ಅಲ್ಲ.

ಎರಡನೇ ಸಾಲು ನಮ್ಮ ಮನೆ ಬಾಗಿಲಿನದು. ಕಾಫಿ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯೋದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆ. ಆದರೆ ಬಹಳ ಕಾಲ ಬೆಳೆಗಾರರಿಗೆ ಹೆಸರೇ ಇರಲಿಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದಿದ್ದನ್ನ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಎಲ್ಲರ ಬೀಜವೂ ಒಟ್ಟಿಗೆ ಸೇರಿ ಮಾರಾಟ ಆಗೋದು, ದುಡ್ಡು ಕಂತುಕಂತಾಗಿ ಬರೋದು. ಬೆಲೆ ಬಿದ್ದಾಗ ಅದೊಂದು ಆಸರೆ ಆಗಿತ್ತು, ನಿಜ. ಆದರೆ ಹಣ್ಣಾದ ಕಾಯನ್ನಷ್ಟೇ ಆರಿಸಿ ಕೀಳಿಸಿ, ಕಣದಲ್ಲಿ ಜೋಪಾನವಾಗಿ ಒಣಗಿಸಿದೋರ ಕಾಫಿಗೂ, ಬೇಕಾಬಿಟ್ಟಿ ಮಾಡಿದೋರ ಕಾಫಿಗೂ ಕುಡಿಯೋರ ಕಡೆಯಿಂದ ಒಂದೇ ಮುಖ. 1990ರ ದಶಕದಲ್ಲಿ ಸರ್ಕಾರ ಹಂತಹಂತವಾಗಿ ಈ ಹಿಡಿತ ಸಡಿಲಿಸ್ತು. 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನ ತಾವೇ ಮಾರಬಹುದು ಅಂತಾಯ್ತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೀತು.

ಆಮೇಲೆ ಬಂದ ಈ ಗಡ್ಡದ ಪೀಳಿಗೆ ಒಂದು ಹೆಜ್ಜೆ ಮುಂದೆ ಹೋಯ್ತು. ಪ್ಯಾಕೆಟ್ ಮೇಲೆ ಎಸ್ಟೇಟ್ ಹೆಸರು, ತೋಟ ಎಷ್ಟು ಎತ್ತರದಲ್ಲಿದೆ, ಯಾವ ತಳಿ, ಯಾವತ್ತು ಹುರಿದಿದ್ದು, ಎಲ್ಲ ಬರೀಬೇಕು ಅಂತ ಕೇಳ್ತು. ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ಎಸ್ಟೇಟಿನ ಹೆಸರನ್ನ ದೆಹಲಿಯ ಅಡುಗೆಮನೇಲಿ ಹೇಳೋ ಹಾಗಾಯ್ತು. ನಮ್ಮ ಒಳ್ಳೇ ಕಾಫಿಯೆಲ್ಲ ಹಡಗು ಹತ್ತಿ ಹೋಗೋದು, ಇಲ್ಲಿಗೆ ಉಳಿದಿದ್ದು ಅನ್ನೋ ಕಾಲದಿಂದ ಇದು ದೊಡ್ಡ ಬದಲಾವಣೆ. ಹಾಗಂತ ನಮ್ಮ ಕಾಫಿ ಪುಡಿ ಅಂಗಡಿಯ ಚಿಕೋರಿ ಹಾಕಿದ ಫಿಲ್ಟರ್ ಕಾಫಿ ಕೀಳು ಅಂತ ನಾನು ಹೇಳ್ತಿಲ್ಲ. ದರ್ಶಿನಿ ಮುಂದೆ ನಿಂತು ಕುಡಿಯೋ ಬೈಟು ಕಾಫಿಗೆ ಸಮ ಯಾವುದೂ ಇಲ್ಲ. ಆದರೆ 'ಇದನ್ನ ಬೆಳೆದೋರು ಯಾರು?' ಅನ್ನೋ ಪ್ರಶ್ನೆಯನ್ನ ಕುಡಿಯೋರ ಬಾಯಲ್ಲಿ ಬರಿಸಿದ್ದು ಇವರು. ಅದರ ಕ್ರೆಡಿಟ್ ಕೊಡ್ಲೇಬೇಕು.

ಮೂರನೇ ಸಾಲು: ನಮ್ಮದರ ಬಗ್ಗೆ ನಾಚಿಕೆ ಹೋಗಿದ್ದು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಹಿಪ್‌ಸ್ಟರ್ ಹಿತ್ತಲಿಗೇ ಹೋಗಿ ಗಿಡ ಹುಡುಕಿದ. ಶಾಲೆಯಲ್ಲಿ ರಾಗಿ ರೊಟ್ಟಿ ಡಬ್ಬಿ ತೆರೆಯೋಕೆ ನಾಚ್ಕೊಳ್ತಿದ್ದ ಮಕ್ಕಳು ಇವತ್ತು ದೊಡ್ಡವರಾಗಿ ರಾಗಿಯನ್ನ ಫೋಟೊ ತೆಗೆದು ಹಾಕ್ತಿದ್ದಾರೆ. ಕಾಲೇಜಲ್ಲಿ ಕನ್ನಡ ಮಾತಾಡಿದ್ರೆ 'ಹಳ್ಳಿ ಗುಗ್ಗು' ಅನ್ನಿಸ್ಕೊಳ್ತಿದ್ದ ಕಡೆ ಈಗ ಎದೆ ಮೇಲೆ ಕನ್ನಡ ಅಕ್ಷರ ಇರೋ ಟೀಶರ್ಟು ಸ್ಟೈಲ್ ಆಗಿದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಕನ್ನಡ ಕೂಲ್ ಅನ್ನಿಸಿದ್ದರಲ್ಲಿ ಈ ಸಂಸ್ಕೃತಿಯ ಪಾಲೂ ಇದೆ. ನೀವು ಈ ಪಾಡ್‌ಕಾಸ್ಟ್ ಕೇಳ್ತಿರೋದರಲ್ಲೂ ಇರಬಹುದು.

ಈಗ ಖರ್ಚಿನ ಕಡೆ

ಖರ್ಚಿನ ಮೊದಲನೇ ಸಾಲು: ಬಂಡಾಯವೇ ಬ್ರ್ಯಾಂಡ್ ಆಗೋದು.

ಪಾಬ್ಸ್ಟ್ ಬ್ಲೂ ರಿಬ್ಬನ್ ಅಂತ ಅಮೆರಿಕದಲ್ಲಿ ಒಂದು ಅಗ್ಗದ ಬಿಯರು. ಮಿಲ್ವಾಕಿ ಊರಿನ ಕಂಪನಿ, 1844ರಷ್ಟು ಹಳೇದು. ಕೂಲಿ ಕಾರ್ಮಿಕರ ಬಿಯರು ಅಂತ ಹೆಸರು. ದಶಕಗಟ್ಟಲೆ ಮಾರಾಟ ಬೀಳ್ತಾನೇ ಬಂತು. 2000ದ ಆಸುಪಾಸಲ್ಲಿ ಪೋರ್ಟ್‌ಲ್ಯಾಂಡ್ ಥರದ ಊರುಗಳ ಹಿಪ್‌ಸ್ಟರ್‌ಗಳು ಅದನ್ನ ಹಿಡ್ಕೊಂಡ್ರು. ಯಾಕೆ? ಟಿವಿಯಲ್ಲಿ ಜಾಹೀರಾತು ಇಲ್ಲ, ಹೀರೊ ಇಲ್ಲ, ಶೋಕಿ ಇಲ್ಲ. ದುಡಿಯೋ ಜನರ ನಿಜವಾದ ಬಿಯರು ಇದು ಅಂತ. ಮಾರಾಟ ಮತ್ತೆ ಏರ್ತು. ತಮಾಷೆ ಏನಂದ್ರೆ, ಪಾಬ್ಸ್ಟ್ ಕಂಪನಿ 1996ರಲ್ಲೇ ಮಿಲ್ವಾಕಿಯ ತನ್ನ ಕಾರ್ಖಾನೆ ಮುಚ್ಚಿ ಅಲ್ಲಿನ ಕಾರ್ಮಿಕರನ್ನ ಮನೆಗೆ ಕಳಿಸಿತ್ತು. ಆ 'ದುಡಿಯೋರ ಬಿಯರ'ನ್ನ ಕಾಂಟ್ರ್ಯಾಕ್ಟ್ ಮೇಲೆ ತಯಾರಿಸ್ತಾ ಇದ್ದಿದ್ದು ದೈತ್ಯ ಕಂಪನಿ ಮಿಲ್ಲರ್. ಹಿಪ್‌ಸ್ಟರ್ ಕೊಂಡಿದ್ದು ಕಾರ್ಮಿಕರ ನೆನಪನ್ನ. ಕಾರ್ಮಿಕರು ಅಲ್ಲಿ ಇರಲೇ ಇಲ್ಲ.

ಇದೇ ದಾರೀಲಿ ಉಳಿದೋರೂ ಹೋದ್ರು. 2002ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಜೇಮ್ಸ್ ಫ್ರೀಮನ್ ಅನ್ನೋ ಕ್ಲಾರಿನೆಟ್ ವಾದಕ ಬ್ಲೂ ಬಾಟಲ್ ಅನ್ನೋ ಪುಟ್ಟ ಕಾಫಿ ಕಂಪನಿ ಶುರು ಮಾಡಿದ. ತಾಜಾ ಹುರಿದ ಬೀಜ, ಒಂದೊಂದೇ ಕಪ್ ಸೋಸಿ ಕೊಡೋದು. 2017ರಲ್ಲಿ ಅದರ ಶೇ 68 ಪಾಲನ್ನ ಕೊಂಡಿದ್ದು ಯಾರು? ನೆಸ್ಲೆ. ಇನ್‌ಸ್ಟಂಟ್ ಕಾಫಿ ಪುಡಿಯ ನೆಸ್ಲೆ. 2005ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಟ್ಸಿ, ಕೈಯಲ್ಲಿ ಮಾಡಿದ ವಸ್ತುಗಳನ್ನ ಮಾರೋ ಆನ್‌ಲೈನ್ ಸಂತೆ. 2013ರಲ್ಲಿ ಮಾರಾಟಗಾರರು ಹೊರಗಿನ ತಯಾರಕರ ಕೈಲೂ ಮಾಡಿಸಬಹುದು ಅಂತ ನಿಯಮ ಸಡಿಲ ಮಾಡ್ತು. 2015ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಕಂಪನಿ ಬೆಳೀಬಾರದು ಅಂತ ಬಿಕಾಂ ಓದಿದ ನಾನು ಹೇಳಲ್ಲ. ಆದರೆ 'ನಾನು ಮಾರ್ಕೆಟ್ಟಿಗೆ ವಿರುದ್ಧ' ಅನ್ನೋದು ಮಾರ್ಕೆಟ್ಟಲ್ಲಿ ಚೆನ್ನಾಗಿ ಮಾರಾಟ ಆಗೋ ಸರಕು ಅನ್ನೋದು ಗೊತ್ತಿರಬೇಕು.

ಎರಡನೇ ಸಾಲು: ಬಾಡಿಗೆ.

ವಿಲಿಯಮ್ಸ್‌ಬರ್ಗ್ ಖಾಲಿ ಜಾಗ ಆಗಿರಲಿಲ್ಲ. ಅಲ್ಲಿ ಪೋರ್ಟೊ ರಿಕೊ ಕಡೆಯಿಂದ ಬಂದ ಕುಟುಂಬಗಳು ದಶಕಗಳಿಂದ ಇದ್ವು. ಕಲಾವಿದರು ಬಂದ್ರು, ಕೆಫೆ ಬಂತು, ಏರಿಯಾಗೆ ಹೆಸರು ಬಂತು. 2005ರಲ್ಲಿ ನಗರಾಡಳಿತ ವಲಯದ ನಿಯಮ ಬದಲಿಸಿ ನದಿ ದಡದಲ್ಲಿ ಎತ್ತರದ ಕಟ್ಟಡಗಳಿಗೆ ದಾರಿ ಮಾಡ್ತು. ಆಮೇಲೆ ಹಳೇ ಕುಟುಂಬಗಳೂ ಹೋದ್ವು, ಬಾಡಿಗೆ ಕಟ್ಟಲಾಗದ ಆ ಕಲಾವಿದರೂ ಹೋದ್ರು.

ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ 2014ರ ಕೊನೆಗೆ ಅವಳಿ ಸಹೋದರರಿಬ್ಬರು 'ಸೀರಿಯಲ್ ಕಿಲ್ಲರ್ ಕೆಫೆ' ತೆರೆದ್ರು. ಅಲ್ಲಿ ಮಾರ್ತಿದ್ದಿದ್ದು ಬರೀ ಕಾರ್ನ್‌ಫ್ಲೇಕ್ಸ್ ಥರದ್ದು, ಹಾಲು ಹಾಕಿ. ಬಡವರು ಹೆಚ್ಚಿರೋ ಏರಿಯಾದಲ್ಲಿ ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್‌ಗೆ ಅಷ್ಟು ದುಡ್ಡಾ ಅಂತ ಜನರಿಗೆ ಸಿಟ್ಟು. 2015ರ ಸೆಪ್ಟೆಂಬರಲ್ಲಿ ಪ್ರತಿಭಟನಾಕಾರರು ಅಂಗಡಿಗೆ ಬಣ್ಣ ಎರಚಿದ್ರು. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಯೋಚನೆ ಮಾಡಿ: ಬಾಡಿಗೆ ಏರಿಸಿದ್ದು ಆ ಇಬ್ಬರು ಹುಡುಗರಾ? ಜಾಗದ ಮಾಲೀಕರು, ರಿಯಲ್ ಎಸ್ಟೇಟಿನವರು ಕಣ್ಣಿಗೆ ಬೀಳಲ್ಲ. ಗಡ್ಡ ಕಣ್ಣಿಗೆ ಬೀಳುತ್ತೆ. 2020ರಲ್ಲಿ ಆ ಕೆಫೆ ಮುಚ್ಚಿಹೋಯ್ತು.

ಬೆಂಗಳೂರಲ್ಲೂ ಕಥೆ ಬೇರೆ ಇಲ್ಲ. ಇಂದಿರಾನಗರದ ನಿವಾಸಿಗಳು ಪಬ್ಬು, ರೆಸ್ಟೋರೆಂಟುಗಳ ಸದ್ದಿನ ವಿರುದ್ಧ ಹೈಕೋರ್ಟಿನವರೆಗೂ ಹೋಗಿದ್ದಾರೆ. ಆದರೆ ಕೋರ್ಟಿಗೆ ಹೋಗೋಕೂ ಆಗದೋರು ಇದ್ದಾರೆ. ಗಲ್ಲಿ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದೋರು, ಸೈಕಲ್ ಪಂಕ್ಚರ್ ಹಾಕ್ತಿದ್ದೋರು, ಸಣ್ಣ ದಿನಸಿ ಅಂಗಡಿಯವರು. ಅವರು ಸದ್ದಿಲ್ಲದೆ ಜಾಗ ಖಾಲಿ ಮಾಡ್ತಾರೆ.

ಇಲ್ಲೊಂದು ಲೆಕ್ಕ ಮಾಡೋಣ. ಬಿಡಿ, ಕ್ಯಾಲ್ಕುಲೇಟರ್ ಬೇಡ. ಒಂದು ಕಪ್ ಕಾಫಿ 250 ರೂಪಾಯಿ ಅಂತ ಇಟ್ಕೊಳ್ಳಿ. ಅದಕ್ಕೆ ಹಾಕೋ ಪುಡಿ ಸುಮಾರು 18 ಗ್ರಾಂ. 250 ಗ್ರಾಂ ಪ್ಯಾಕೆಟ್ಟಿಗೆ 550 ರೂಪಾಯಿ ಅಂದ್ಕೊಂಡ್ರೂ, ಒಂದು ಕಪ್ಪಿನ ಪುಡಿಗೆ 40 ರೂಪಾಯಿ ಆಗುತ್ತೆ. ಅದರಲ್ಲಿ ಹುರಿಯೋರು, ಪ್ಯಾಕ್ ಮಾಡೋರ ಪಾಲು ಕಳೆದ್ರೆ ತೋಟಕ್ಕೆ ಹೋಗೋದು ಇನ್ನೂ ಕಡಿಮೆ. ಉಳಿದ 210 ಎಲ್ಲಿಗೆ? ಕೆಲಸದವರ ಸಂಬಳ, ಹಾಲು, ಕರೆಂಟು, ಜಿಎಸ್‌ಟಿ. ಎಲ್ಲಕ್ಕಿಂತ ಮುಖ್ಯ, ಜಾಗದ ಬಾಡಿಗೆ. ಪಾಪ, ಕೆಫೆಯವರಿಗೂ ಉಳಿಯೋದು ಕಡಿಮೆ ಇರಬಹುದು. ರಸ್ತೆ ಫೇಮಸ್ ಆದಷ್ಟೂ ಬಾಡಿಗೆ ಏರುತ್ತೆ. ಅಂದ್ರೆ 'ನಾನು ಬೆಳೆಗಾರರಿಗಾಗಿ ಈ ಕಾಫಿ ಕುಡೀತೀನಿ' ಅಂತ ನೀವು ಅಂದ್ಕೊಂಡಿರ್ತೀರಿ. ಲೆಕ್ಕದಲ್ಲಿ ನೋಡಿದ್ರೆ ನೀವು ಜಾಸ್ತಿ ಸಹಾಯ ಮಾಡಿದ್ದು ಕಟ್ಟಡದ ಮಾಲೀಕರಿಗೆ.

ರಾಗಿ ಲೆಕ್ಕ ಇನ್ನೂ ಮಜಾ ಇದೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಕೆಜಿಗೆ 49 ರೂಪಾಯಿ ಹತ್ತಿರ. 150 ರೂಪಾಯಿಯ ಕುಕ್ಕಿ ಪೊಟ್ಟಣದಲ್ಲಿ 40 ಗ್ರಾಂ ರಾಗಿ ಇದೆ ಅಂದ್ಕೊಳ್ಳಿ. ರೈತರ ಪಾಲು ಎಷ್ಟು? ಎರಡೇ ರೂಪಾಯಿ. ಪೊಟ್ಟಣದ ಮೇಲೆ ನಗ್ತಾ ಇರೋ ರೈತರ ಚಿತ್ರ ಇರುತ್ತೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರಿನ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು. ಆ ಹಳೇ ಜಾಝ್ ಕಥೆ ನೆನಪಾಯ್ತಾ?

ಮೂರನೇ ಸಾಲು ನಮ್ಮ ಜೇಬಿಂದು. ನಮ್ಮ ವಯಸ್ಸಲ್ಲಿ ಮೊದಲ ಸಂಬಳ, ಪಿಜಿ ಬಾಡಿಗೆ, ಫೋನಿನ ಇಎಂಐ, ಊರಿಗೆ ಕಳಿಸೋದು ಅಂತೆಲ್ಲ ಇರುತ್ತೆ. ಹಿಂದೆ ಶ್ರೀಮಂತರ ಶೋಕಿ ನಮಗಲ್ಲ ಅಂತ ಗೊತ್ತಿತ್ತು, ದೂರ ಇರ್ತಿದ್ವಿ. ಈ ಶೋಕಿ 'ಸರಳ ಬದುಕು' ಅನ್ನೋ ವೇಷ ಹಾಕ್ಕೊಂಡು ಬರುತ್ತೆ. ಹಾಗಾಗಿ ಇದು ಖರ್ಚು ಅಂತ ಅನ್ನಿಸೋದೇ ಇಲ್ಲ, ಒಳ್ಳೇ ಕೆಲಸ ಅನ್ನಿಸುತ್ತೆ. ವಾರಕ್ಕೆ ಮೂರು ಸಲ 250 ರೂಪಾಯಿ ಕಾಫಿ ಅಂದ್ರೆ ತಿಂಗಳಿಗೆ 3,000. ಅದೇನು ತಪ್ಪಲ್ಲ. ಆದರೆ ಅದನ್ನ ಪುಣ್ಯದ ಖಾತೆಗೆ ಬರೀಬೇಡಿ, ಮನರಂಜನೆ ಖಾತೆಗೆ ಬರೀರಿ.

ಕೂಲಿ ಎಷ್ಟಂತೆ?

ನಮ್ಮಪ್ಪ ಅರಸೀಕೆರೆಯಲ್ಲಿ ಟೈಲರ್. ಹಬ್ಬ ಬಂತು ಅಂದ್ರೆ ರಾತ್ರಿ ಎರಡರ ತನಕ ಮಿಷನ್ ಸದ್ದು. ಅಮ್ಮ ಕಾಜ ಹಾಕೋರು, ಗುಂಡಿ ಹಚ್ಚೋರು. ಆಮೇಲೆ ರೆಡಿಮೇಡ್ ಬಂತು, ಆನ್‌ಲೈನ್ ಬಂತು. ಅಳತೆ ಕೊಡೋಕೆ ಬರೋರು ಕಡಿಮೆ ಆದ್ರು. ಈಗ ಹೆಚ್ಚಾಗಿ ಬರೋದು ಪ್ಯಾಂಟ್ ಉದ್ದ ಕತ್ತರಿಸೋ ಕೆಲಸ, ಝಿಪ್ ಬದಲಿಸೋದು, ಸ್ಕೂಲ್ ಯೂನಿಫಾರಂ.

ಹೋದ ವರ್ಷ ಅಪ್ಪ ಬೆಂಗಳೂರಿಗೆ ಬಂದಾಗ ಒಂದು ಬಟ್ಟೆ ಅಂಗಡಿಗೆ ಕರ್ಕೊಂಡು ಹೋಗಿದ್ದೆ. ಕೈಮಗ್ಗದ ಬಟ್ಟೆ, ಕೈಹೊಲಿಗೆ, ಕಡಿಮೆ ಸಂಖ್ಯೆಯಲ್ಲಿ ಮಾಡೋದು. ಗೋಡೆ ಮೇಲೆ ಹಳೇ ಕಾಲದ ಕಪ್ಪು ಹೊಲಿಗೆ ಮಿಷನ್ ಒಂದನ್ನ ಅಲಂಕಾರಕ್ಕೆ ಇಟ್ಟಿದ್ರು. ಅಪ್ಪ ಅದನ್ನ ಒಂದು ಸಲ ಮುಟ್ಟಿ ನೋಡಿದ್ರು. ಆಮೇಲೆ ಅಂಗಿಯೊಂದನ್ನ ತಿರುಗಿಸಿ ಒಳಗಿನ ಹೊಲಿಗೆ ನೋಡಿದ್ರು. 'ಚೆನ್ನಾಗಿ ಹೊಲಿದವ್ರೆ' ಅಂದ್ರು. ಬೆಲೆ ಚೀಟಿ ನೋಡಿದ್ರು, 3,800. ಬೆಲೆ ನೋಡಿ ಬಾಯಿ ಬಿಡ್ತಾರೆ ಅಂತ ನಾನು ಕಾಯ್ತಿದ್ದೆ. ಅವರು ಕೇಳಿದ್ದು ಬೇರೆ.

'ಅಲ್ಲಾ, ಹೊಲಿಯೋರಿಗೆ ಕೂಲಿ ಎಷ್ಟಂತೆ?'

ನಾನು ಅಂಗಡಿಯವರನ್ನ ಕೇಳಿದೆ. ಬಟ್ಟೆ ಯಾವ ಊರಿನ ಮಗ್ಗದ್ದು ಅಂತ ಹೇಳಿದ್ರು. ಬಣ್ಣ ಯಾವ ಗಿಡದ್ದು ಅಂತ ಹೇಳಿದ್ರು. ಕೂಲಿ ಎಷ್ಟು ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಸಿಟ್ಟಿನ ಮಾತಲ್ಲ ಇದು. ಅಪ್ಪ ಅಂತೂ ಖುಷಿಯಾಗೇ ಆಚೆ ಬಂದ್ರು. ಒಳ್ಳೇ ಕೆಲಸಕ್ಕೆ ಇಷ್ಟು ಬೆಲೆ ಕೊಡೋ ಜನ ಇದ್ದಾರಲ್ಲ ಅಂತ. ಆದರೆ ಹಿಪ್‌ಸ್ಟರ್ ಸಂಸ್ಕೃತಿ ಎಲ್ಲಿ ತನಕ ಬರುತ್ತೆ, ಎಲ್ಲಿ ನಿಂತುಬಿಡುತ್ತೆ ಅನ್ನೋದು ನನಗೆ ಅವತ್ತು ಕಾಣಿಸ್ತು. ಕಥೆ ತನಕ ಬರುತ್ತೆ. ಕೂಲಿ ಹತ್ತಿರ ನಿಂತುಬಿಡುತ್ತೆ.

ಅದರಾಚೆ ಹೋದೋರೂ ಇದ್ದಾರೆ. ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರ ಹೆಸರು ನೀವು ಕೇಳಿರ್ತೀರಿ. ಅವರು ಕಟ್ಟಿದ 'ಚರಕ' ಸಹಕಾರ ಸಂಘದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬಟ್ಟೆ ನೇಯ್ತಾರೆ, ಅಡಿಕೆಯಂಥ ಗಿಡಮರದ ಬಣ್ಣ ಹಾಕ್ತಾರೆ, 'ದೇಸಿ' ಅಂಗಡಿಗಳಲ್ಲಿ ಅದು ಮಾರಾಟ ಆಗುತ್ತೆ. ಬೆಂಗಳೂರಿನ ಯುವಕರಿಗೆ ಆ ಕುರ್ತಾ, ಜುಬ್ಬಾ ಬಹಳ ಇಷ್ಟ. 2017ರಲ್ಲಿ ಜಿಎಸ್‌ಟಿ ಬಂದಾಗ ಪ್ರಸನ್ನ ಏನು ಮಾಡಿದ್ರು? ಕೈ ಉತ್ಪನ್ನಗಳಿಗೆ ತೆರಿಗೆ ಹಾಕಬಾರದು ಅಂತ ಸತ್ಯಾಗ್ರಹಕ್ಕೆ ಕೂತ್ರು, ಉಪವಾಸ ಮಾಡಿದ್ರು. ಅಂಗಿ ಚೆನ್ನಾಗಿದೆ ಅನ್ನೋದು ಒಂದು ಕೆಲಸ. ಆ ಅಂಗಿ ನೇಯೋರು ಬದುಕೋ ಹಾಗೆ ಕಾನೂನು ಇರಬೇಕು ಅಂತ ಕೇಳೋದು ಇನ್ನೊಂದು ಕೆಲಸ. ಮೊದಲನೇದಕ್ಕೆ ಗ್ರಾಹಕರು ಸಾಕು. ಎರಡನೇದಕ್ಕೆ ನಾಗರಿಕರು ಬೇಕು. 2020ರಲ್ಲಿ ಚರಕ ಆರ್ಥಿಕವಾಗಿ ಕುಸಿದು ಕಷ್ಟದಲ್ಲಿದೆ ಅಂತ ಸುದ್ದಿ ಬಂದಾಗ, ಬರೀ ನಮ್ಮ ಮೆಚ್ಚುಗೆಯಿಂದ ಮಗ್ಗ ಓಡಲ್ಲ ಅನ್ನೋದು ಸ್ಪಷ್ಟ ಆಯ್ತು.

ಬಾಕಿ ಏನು ಉಳೀತು?

ನನ್ನ ಲೆಕ್ಕದಲ್ಲಿ ಹಿಪ್‌ಸ್ಟರ್ ಖಾತೆ ಪೂರ್ತಿ ನಷ್ಟದಲ್ಲಿಲ್ಲ. ಅದು ನಮಗೆ ಒಂದು ಒಳ್ಳೇ ಪ್ರಶ್ನೆ ಕೊಡ್ತು: 'ಇದು ಎಲ್ಲಿಂದ ಬಂತು?' ಬರೀ ಬ್ರ್ಯಾಂಡ್ ಹೆಸರು ನೋಡಿ ಕೊಳ್ತಿದ್ದ ಕಾಲಕ್ಕೆ ಹೋಲಿಸಿದ್ರೆ ಇದು ಲಾಭವೇ. ಸಮಸ್ಯೆ ಅಂದ್ರೆ ಪ್ರಶ್ನೆ ಅರ್ಧಕ್ಕೆ ನಿಂತಿದೆ. ಉಳಿದರ್ಧ ನಾವು ಕೇಳಬೇಕು: 'ದುಡ್ಡು ಎಲ್ಲಿಗೆ ಹೋಯ್ತು?'

ಹಾಗಾದ್ರೆ ನಾಳೆಯಿಂದ ಏನು ಮಾಡಬಹುದು? ಮೂರು ಸಣ್ಣ ವಿಷಯ.

ಒಂದು, ನಿಮಗೆ ನಿಜವಾಗಿಯೂ ಬೆಳೆಗಾರರ ಮೇಲೆ ಪ್ರೀತಿ ಇದ್ರೆ, ಕೆಫೆಯಲ್ಲಿ ಕುಡಿಯೋದರ ಜೊತೆಗೆ ಬೀಜವನ್ನೋ ಪುಡಿಯನ್ನೋ ಎಸ್ಟೇಟಿಂದಲೇ ತರಿಸಿ, ಮನೆಯ ಫಿಲ್ಟರಲ್ಲಿ ಡಿಕಾಕ್ಷನ್ ಇಳಿಸಿ. ಅದೇ ದುಡ್ಡಲ್ಲಿ ತೋಟಕ್ಕೆ ಹೋಗೋ ಪಾಲು ಜಾಸ್ತಿ ಆಗುತ್ತೆ. ಕೆಫೆಗೆ ಹೋಗ್ಬೇಡಿ ಅಂತಲ್ಲ. ಅಲ್ಲಿ ಕೂತು ಮಾತಾಡೋ ಸುಖಕ್ಕೆ ದುಡ್ಡು ಕೊಡ್ತಿದ್ದೀವಿ ಅಂತ ತಿಳ್ಕೊಂಡು ಕೊಡಿ.

ಎರಡು, ಅಂಗಡಿಯಲ್ಲಿ ಕಥೆ ಹೇಳಿದ್ರೆ ಕೇಳಿ, ಚೆನ್ನಾಗಿರುತ್ತೆ. ಆಮೇಲೆ ಮೆಲ್ಲಗೆ ಕೂಲಿ ಎಷ್ಟು ಅಂತ ಕೇಳಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತೆ. ಪ್ಯಾಕೆಟ್ ಮೇಲೆ ಹುರಿದ ತಾರೀಕು ಬರೋ ಹಾಗೆ ಮಾಡಿದ್ದೂ ಹೀಗೆ ಕೇಳಿ ಕೇಳಿನೇ. ಕೂಲಿಯನ್ನೂ ಬರೆಸೋಕೆ ಯಾಕಾಗಬಾರದು?

ಮೂರು, ಫ್ಯಾಷನ್ ಹೋದ ಮೇಲೂ ಇರಿ. ಇದು ಎಲ್ಲಕ್ಕಿಂತ ಕಷ್ಟ. ಟೂಬೂಲ್ ಲೆಕ್ಕ ಹೇಳೋದೇನು? ಎಲ್ಲರೂ ಗಡ್ಡ ಬಿಟ್ಟ ಮೇಲೆ, ಬೇರೆ ಕಾಣಬೇಕು ಅನ್ನೋರೆಲ್ಲ ಒಟ್ಟಿಗೇ ಬೋಳಿಸ್ತಾರೆ. ಗಡ್ಡಕ್ಕೆ ಇದರಿಂದ ನಷ್ಟ ಇಲ್ಲ. ಆದರೆ ಮಗ್ಗಕ್ಕೆ ಇದೆ. ಕೈಮಗ್ಗ ಟ್ರೆಂಡ್ ಅಂತ ನಂಬಿ ಸಾಲ ಮಾಡಿ ಇನ್ನೆರಡು ಮಗ್ಗ ಹಾಕಿಸಿದ ಮನೆಗೆ ಇದೆ. ಸಿರಿಧಾನ್ಯ ಟ್ರೆಂಡ್ ಅಂತ ಬೆಳೆ ಬದಲಿಸಿದ ಹೊಲಕ್ಕೆ ಇದೆ. ನಮಗೆ ಅದು ಸೀಸನ್ ಇರಬಹುದು, ಅವರಿಗೆ ಅದು ವರ್ಷದ ಅನ್ನ. ನಿಮಗೆ ನಿಜವಾಗಿ ಇಷ್ಟ ಆದ ಒಂದೇ ಒಂದನ್ನ ಹಿಡ್ಕೊಳ್ಳಿ. ಎಲ್ಲರೂ ಅದನ್ನೇ ಕೊಂಡಾಗಲೂ, ಎಲ್ಲರೂ ಅದನ್ನ ಬಿಟ್ಟಾಗಲೂ ಕೊಳ್ತಾನೇ ಇರಿ. ಬೇರೆ ಥರ ಕಾಣೋದಕ್ಕಿಂತ ಅದು ಎಷ್ಟೋ ಅಪರೂಪ.

ಇವತ್ತಿಗೆ ಇಷ್ಟು. ನೀವು ಇತ್ತೀಚೆಗೆ ಕೊಂಡ 'ಕೈಯಲ್ಲಿ ಮಾಡಿದ್ದು' ಯಾವುದು, ಅದನ್ನ ಮಾಡಿದೋರಿಗೆ ಎಷ್ಟು ಸಿಕ್ತು ಅಂತ ಕೇಳಿದ್ರಾ, ಕೇಳಿದ್ರೆ ಏನು ಉತ್ತರ ಬಂತು? ವಾಯ್ಸ್ ನೋಟ್ ಕಳಿಸಿ. ಒಳ್ಳೇ ಉತ್ತರ ಕೊಟ್ಟ ಅಂಗಡಿಗಳ ಬಗ್ಗೆ ಒಂದು ಸಂಚಿಕೆಯನ್ನೇ ಮಾಡೋಣ. ಮುಂದಿನ ವಾರ ಸಿಗ್ತೀನಿ.